ಬಸುರಿಯ ರಕ್ತಕ್ಕೆ ಯಾರದೋ ಅಳತೆಕೋಲು

ಕಳೆದ ಕಕ್ಕಡದಲ್ಲಿ ಒಂದು ರಾತ್ರಿ, ಕೊಡೆ ಹಿಡಿದರೂ ನೆನೆಯುವಂಥ ಮಳೆ. ಒಂಬತ್ತೂವರೆಗೆ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಬಂತು. ತಂಗಿಯ ಮಗಳ ರಕ್ತಪರೀಕ್ಷೆಯ ರಿಪೋರ್ಟ್. ಅವಳಿಗೆ ಆಗ ಏಳು ತಿಂಗಳು ತುಂಬಿತ್ತು. ರಿಪೋರ್ಟಿನಲ್ಲಿ ಆರು ಕಡೆ ದಪ್ಪಕ್ಷರ, ಪಕ್ಕದಲ್ಲಿ ಸ್ಟಾರ್. ಕೆಲವಕ್ಕೆ ‘ಎಚ್’, ಕೆಲವಕ್ಕೆ ‘ಎಲ್’. ಕೆಳಗೆ ತಂಗಿ ಬರೆದದ್ದು ಇಷ್ಟೇ: “ಅಕ್ಕಾ, ಇದೆಂತ?”

ಹತ್ತು ನಿಮಿಷದಲ್ಲಿ ಗುಂಪಿನಲ್ಲಿ ಎಂಟು ಜನ ಡಾಕ್ಟರುಗಳು ಹುಟ್ಟಿದರು. ಆಲ್ಕಲೈನ್ ಫಾಸ್ಫಟೇಸ್ 212 ಉಂಟು, ಇರಬೇಕಾದ್ದು 104ರ ಒಳಗೆ, ಹಾಗಾದರೆ ಲಿವರ್ ಹೋಯ್ತು ಅಂತ ಒಬ್ಬರು. ಬಿಳಿ ರಕ್ತಕಣ 13,400, ಒಳಗೆಲ್ಲೋ ಸೋಂಕು ಉಂಟು ಅಂತ ಇನ್ನೊಬ್ಬರು. ಕೊಲೆಸ್ಟರಾಲ್ 262 ನೋಡಿ ನಮ್ಮ ದೊಡ್ಡತ್ತಿಗೆ, “ನಾನು ಆಗ್ಲೇ ಹೇಳ್ದೆ, ಬಯಕೆ ಅಂತ ಪಂದಿಕರಿ ಜಾಸ್ತಿ ಕೊಡ್ಬೇಡಿ ಅಂತ.” ಇಎಸ್‌ಆರ್ 48, ಆಲ್ಬುಮಿನ್ 3.1, ಹಿಮೋಗ್ಲೋಬಿನ್ 10.8. ಪ್ರತಿಯೊಂದಕ್ಕೂ ಒಂದೊಂದು ಕಾಯಿಲೆ ಸಿಕ್ಕಿತು. ಆ ಹುಡುಗಿ ಅದೇ ಗುಂಪಿನಲ್ಲಿದ್ದಾಳೆ, ಎಲ್ಲ ಓದ್ತಾ ಇದ್ದಾಳೆ ಅಂತ ಒಬ್ಬರಿಗೂ ನೆನಪಾಗಲಿಲ್ಲ. ರಾತ್ರಿಯೆಲ್ಲ ಅತ್ತಳಂತೆ.

ಬೆಳಗ್ಗೆ ನಾಲ್ಕೂವರೆಗೆ ಕಾರು ಹೊರಟಿತು. ಗೋಣಿಕೊಪ್ಪ, ತಿತಿಮತಿ, ಹುಣಸೂರು ದಾಟಿ ಮೈಸೂರು. ಏಳು ತಿಂಗಳ ಬಸುರಿಯನ್ನು ಆ ಮಳೆಯಲ್ಲಿ, ಆ ಗುಂಡಿ ರಸ್ತೆಯಲ್ಲಿ ನೂರು ಕಿಲೋಮೀಟರ್ ಹತ್ತಿರ ಕೂರಿಸಿಕೊಂಡು ಹೋದೆವು. ನಾನೂ ಇದ್ದೆ. ನನ್ನ ಅತ್ತೆ ಭಾಗಮಂಡಲ ಕಡೆಯವರು, ಎಂಬತ್ತಮೂರು ವಯಸ್ಸು. ಹೊರಡುವಾಗ ಬಾಗಿಲಲ್ಲಿ ನಿಂತು, “ಒಂದು ಕಾಗದಕ್ಕೆ ಇಷ್ಟ್ ಹೆದ್ರಿಕೆ ಎಂತಕೆ?” ಅಂತ ಕೇಳಿದರು. ಅವರಿಗೆ ಗೊತ್ತಿಲ್ಲ ಅಂತ ನಾವು ಉತ್ತರವೇ ಕೊಡಲಿಲ್ಲ.

ಡಾಕ್ಟರಮ್ಮ ರಿಪೋರ್ಟ್ ನೋಡಿದ್ದು ಒಂದು ನಿಮಿಷ. ಹೊಟ್ಟೆ ಮುಟ್ಟಿ ನೋಡಿದರು, ಬಿಪಿ ನೋಡಿದರು, ಮಗುವಿನ ಎದೆಬಡಿತ ಕೇಳಿಸಿದರು. ಆಮೇಲೆ ಪೆನ್ನು ತೆಗೆದು ಆರರಲ್ಲಿ ಐದು ಸ್ಟಾರಿನ ಮೇಲೆ ಗೀಟು ಎಳೆದರು. “ಇವು ಐದೂ ಬಸುರಿಯರಲ್ಲಿ ಹೀಗೇ ಇರ್ತವೆ. ಈ ಒಂದಕ್ಕೆ ಮಾತ್ರ ಮಾತ್ರೆ ಸರಿಯಾಗಿ ತಿನ್ನಿ.” ಆ ಒಂದು ಹಿಮೋಗ್ಲೋಬಿನ್. ಅದಕ್ಕೆ ಬೇಕಾದ ಮಾತ್ರೆ ಅವಳ ಮನೆಯ ಕಪಾಟಿನಲ್ಲೇ ಇತ್ತು, ಆಶಾ ಕಾರ್ಯಕರ್ತೆ ಕೊಟ್ಟ ಕೆಂಪು ಮಾತ್ರೆ. ವಾಕರಿಕೆ ಅಂತ ತಿನ್ನುತ್ತಿರಲಿಲ್ಲ.

ನನಗೆ ಅವತ್ತು ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ, ಅದಕ್ಕೇ ಇದನ್ನು ಬರೀತಾ ಇದ್ದೇನೆ. ಅರ್ಧ ಸಿಟ್ಟು ಆ ಸ್ಟಾರ್ ಹಾಕಿದವರ ಮೇಲೆ, ಅರ್ಧ ನಮ್ಮ ಮೇಲೆ.

ನಮ್ಮೂರಲ್ಲಿ ಮಳೆ ಅಳೆಯದ ಮನೆ ಯಾವುದುಂಟು ಹೇಳಿ? ಬೆಳಗಾದರೆ ಅಳತೆಯ ಡಬ್ಬ ನೋಡಿ ಇಂಚು, ಸೆಂಟು ಲೆಕ್ಕ ಪುಸ್ತಕದಲ್ಲಿ ಬರೆಯುತ್ತೇವೆ. ಜುಲೈಯಲ್ಲಿ ಮೂವತ್ತು ಇಂಚು ಬಿದ್ದರೆ “ಮಳೆಗಾಲ ಸರಿ ಹಿಡೀತು” ಅಂತೇವೆ. ಅದೇ ಮೂವತ್ತು ಇಂಚು ಜನವರಿಯಲ್ಲಿ ಬಿದ್ದರೆ? ಕಣದಲ್ಲಿ ಒಣಗಲಿಕ್ಕೆ ಹಾಕಿದ ಕಾಫಿಯೂ ಹೋಯ್ತು, ನಾವೂ ಹೋದೆವು. ಮಳೆ ಅದೇ, ಇಂಚು ಅದೇ, ತಿಂಗಳು ಬೇರೆ. ಬಸುರಿಯ ಮೈಗೂ ಒಂದು ಮಳೆಗಾಲ ಉಂಟು. ಆ ಲ್ಯಾಬಿನವರು ಜುಲೈ ಮಳೆಯನ್ನು ಜನವರಿಯ ಪಟ್ಟಿ ಹಿಡಿದು ನೋಡಿ ‘ಎಚ್’ ಅಂತ ಬರೆದು ಕಳಿಸಿದರು.

ಆ ಆಲ್ಕಲೈನ್ ಫಾಸ್ಫಟೇಸ್ ಅನ್ನೋದನ್ನೇ ತಗೊಳ್ಳಿ. ಅದು ಲಿವರಿನಿಂದ ಬರ್ತದೆ, ಮೂಳೆಯಿಂದಲೂ ಬರ್ತದೆ. ಆದರೆ ಬಸುರಿಯಲ್ಲಿ ಮಾಸ, ಅಂದರೆ ಮಗುವಿಗೆ ಊಟ ಕೊಡುವ ಆ ಪ್ಲಾಸೆಂಟಾ, ತಾನೂ ಅದನ್ನು ಮಾಡ್ತದೆ. ಕೊನೆಯ ಮೂರು ತಿಂಗಳಲ್ಲಿ ಎರಡು ಪಟ್ಟು, ಅದಕ್ಕಿಂತ ಹೆಚ್ಚೂ ಏರುವುದು ಮಾಮೂಲು. ಮಾಸ ಹೊರಗೆ ಬಿದ್ದ ಮೇಲೆ ತನ್ನಷ್ಟಕ್ಕೆ ಇಳೀತದೆ. ಬಿಳಿ ರಕ್ತಕಣ ಹದಿನೈದು ಸಾವಿರದವರೆಗೆ ಹೋಗುವುದು, ಹೆರಿಗೆ ನೋವಿನಲ್ಲಿ ಇನ್ನೂ ಮೇಲೆ ಹೋಗುವುದು, ಇಎಸ್‌ಆರ್ ಏರುವುದು, ಕೊಲೆಸ್ಟರಾಲ್ ಏರುವುದು ಎಲ್ಲ ಹಾಗೇ. ಪಂದಿಕರಿಗೂ ಅದಕ್ಕೂ ಸಂಬಂಧ ಇಲ್ಲ ದೊಡ್ಡತ್ತಿಗೆ, ಪಾಪ ಆ ಹುಡುಗಿ ತಿಂದದ್ದೇ ನಾಲ್ಕು ತುಂಡು.

ಹಿಮೋಗ್ಲೋಬಿನ್, ಆಲ್ಬುಮಿನ್ ಇಳಿಯುವುದಕ್ಕೆ ಕಾರಣ ಅಡಿಗೆಮನೆಯವರಿಗೆ ಬೇಗ ಗೊತ್ತಾಗ್ತದೆ. ನೆಂಟರು ಜಾಸ್ತಿ ಬಂದರೆ ಸಾರಿಗೆ ನೀರು ಹೊಯ್ಯುತ್ತೇವಲ್ಲ? ಬಸುರಿಯ ರಕ್ತದಲ್ಲಿ ನೀರಿನ ಭಾಗ ಶೇಕಡಾ 40ರಿಂದ 50ರಷ್ಟು ಹೆಚ್ಚುತ್ತದೆ, ಕೆಂಪು ಕಣ ಶೇಕಡಾ 20ರಿಂದ 30ರಷ್ಟು ಮಾತ್ರ ಹೆಚ್ಚುತ್ತದೆ. ಒಟ್ಟು ಕಣ ಮೊದಲಿಗಿಂತ ಜಾಸ್ತಿಯೇ ಇರ್ತದೆ, ಸಾರು ಮಾತ್ರ ತೆಳ್ಳಗಾಗ್ತದೆ. ಹಾಗಾಗಿಯೇ ಬಸುರಿಯಲ್ಲದ ಹೆಂಗಸಿಗೆ 12 ಇರಬೇಕು ಅನ್ನುವ ವಿಶ್ವ ಆರೋಗ್ಯ ಸಂಸ್ಥೆ ಬಸುರಿಗೆ 11 ಅನ್ನುತ್ತದೆ. 2024ರಲ್ಲಿ ಅವರು ಹೊಸ ಪಟ್ಟಿ ಕೊಟ್ಟಾಗ ನಡುವಿನ ಮೂರು ತಿಂಗಳಿಗೆ 10.5 ಸಾಕು ಅಂದರು. ನಮ್ಮ ಲ್ಯಾಬಿನ ಕಾಗದದಲ್ಲಿ ಇವತ್ತಿಗೂ 12ರಿಂದ 15 ಅಂತಲೇ ಉಂಟು.

ಇಲ್ಲಿ ಒಂದು ಮಾತು ಕೊಡಗಿನವರಿಗೇ ಬೇಕಾದ್ದು. ಅದೇ 2024ರ ಪಟ್ಟಿಯಲ್ಲಿ ಸಮುದ್ರಮಟ್ಟದಿಂದ 500 ಮೀಟರಿಗಿಂತ ಎತ್ತರದಲ್ಲಿ ಇರುವವರಿಗೆ ಲೆಕ್ಕ ಸ್ವಲ್ಪ ಬೇರೆ. ಎತ್ತರದಲ್ಲಿ ಗಾಳಿ ತೆಳು, ಮೈ ತಾನಾಗಿಯೇ ಹಿಮೋಗ್ಲೋಬಿನ್ ಜಾಸ್ತಿ ಮಾಡಿಕೊಳ್ತದೆ. ಹಾಗಾಗಿ 500ರಿಂದ 999 ಮೀಟರಿನವರು ಬಂದ ಅಂಕೆಯಲ್ಲಿ 0.4 ಕಳೆದು ನೋಡಬೇಕು, ಸಾವಿರ ದಾಟಿದರೆ 0.8. ವಿರಾಜಪೇಟೆ ಕಡೆಯ ನಾವು 0.4ರವರು, ಮಡಿಕೇರಿಯವರು 0.8ರವರು. ತಂಗಿಯ ಮಗಳ 10.8 ಹಾಗೆ ನೋಡಿದರೆ 10.4. ಡಾಕ್ಟರಮ್ಮ ಆ ಒಂದು ಸ್ಟಾರನ್ನು ಯಾಕೆ ಬಿಟ್ಟರು ಅಂತ ನನಗೆ ಆಮೇಲೆ ಅರ್ಥ ಆಯ್ತು. ಅಂದರೆ ಐದು ಸುಳ್ಳು ಸ್ಟಾರಿನ ಗದ್ದಲದಲ್ಲಿ ನಿಜವಾದ ಒಂದು ಮುಚ್ಚಿಹೋಗಿತ್ತು. ಆ ರಾತ್ರಿ ಲಿವರಿನ ಬಗ್ಗೆ ಮಾತಾಡಿದವರು ಎಂಟು ಜನ, ಕೆಂಪು ಮಾತ್ರೆ ತಿಂದ್ಯಾ ಅಂತ ಕೇಳಿದವರು ಸೊನ್ನೆ. (ಆ ಮಾತ್ರೆಯನ್ನು ಕಾಫಿ ಜೊತೆ ತಿನ್ನಬೇಡಿ, ಆಯ್ತಾ? ಕಾಫಿ, ಚಾ, ಕ್ಯಾಲ್ಸಿಯಂ ಮಾತ್ರೆ ಮೂರೂ ಕಬ್ಬಿಣ ಹಿಡಿಯಲಿಕ್ಕೆ ಬಿಡೂದಿಲ್ಲ. ಕೊಡಗಿನಲ್ಲಿ ಕೂತು ಈ ಮಾತು ಹೇಳೂದು ಕಷ್ಟವೇ.)

ಈ ‘ಇರಬೇಕಾದ್ದು’ ಅನ್ನುವ ಅಂಕೆ ಎಲ್ಲಿಂದ ಬರ್ತದೆ ಅಂತ ನಾನೂ ಮೊದಲು ಯೋಚನೆ ಮಾಡಿರಲಿಲ್ಲ. ದೇವರು ಬರೆದದ್ದಲ್ಲ. ಆರೋಗ್ಯವಾಗಿರುವ ನೂರಾರು ಜನರ ರಕ್ತ ತೆಗೆದು, ಅಂಕೆಗಳನ್ನು ಸಾಲಾಗಿ ಇಟ್ಟು, ಮೇಲಿನ ತುದಿಯ ಎರಡೂವರೆ ಶೇಕಡಾ, ಕೆಳಗಿನ ತುದಿಯ ಎರಡೂವರೆ ಶೇಕಡಾ ಬಿಟ್ಟು, ನಡುವಿನ 95 ಶೇಕಡಾವನ್ನು ‘ಸರಿ’ ಅಂತ ಬರೆಯುತ್ತಾರೆ. ಅಂದರೆ ಪೂರ್ತಿ ಆರೋಗ್ಯವಾಗಿರುವ ಇಪ್ಪತ್ತು ಜನರಲ್ಲಿ ಒಬ್ಬರು ಹೇಗೂ ಆ ಗೆರೆಯ ಹೊರಗೆ ಬೀಳಲೇಬೇಕು. ಒಬ್ಬಳಿಗೆ ಒಂದಕ್ಕೊಂದು ಸಂಬಂಧ ಇಲ್ಲದ ಇಪ್ಪತ್ತು ಪರೀಕ್ಷೆ ಮಾಡಿಸಿದರೆ, ಏನೂ ಕಾಯಿಲೆ ಇಲ್ಲದಿದ್ದರೂ ಒಂದಾದರೂ ಸ್ಟಾರ್ ಬೀಳುವ ಸಾಧ್ಯತೆ ಸುಮಾರು 64 ಶೇಕಡಾ. ಈಗ ‘ಪ್ರೆಗ್ನೆನ್ಸಿ ಪ್ಯಾಕೇಜ್’ ಅಂತ ರಿಯಾಯಿತಿ ದರದಲ್ಲಿ ಎಪ್ಪತ್ತು ಪರೀಕ್ಷೆ ಮಾರ್ತಾರಲ್ಲ, ಅದರಲ್ಲಿ ಸ್ಟಾರ್ ಇಲ್ಲದ ಕಾಗದ ಬಂದರೆ ಅದೇ ಆಶ್ಚರ್ಯ. ಇಷ್ಟೂ ಆ ನೂರಾರು ಜನ ನಮ್ಮಂಥವರೇ ಆಗಿದ್ದರೆ ಆಗುವ ಕತೆ. ಅವರಲ್ಲಿ ಬಸುರಿಯರೇ ಇರಲಿಲ್ಲ ಅಂದರೆ ಆ ಪಟ್ಟಿ ಬಸುರಿಗೆ ಎಂತಕ್ಕೆ?

ಇಷ್ಟೇ ಆಗಿದ್ದರೆ, ಒಂದು ರಾತ್ರಿ ಅತ್ತದ್ದು, ಒಂದು ಟ್ಯಾಂಕ್ ಪೆಟ್ರೋಲ್ ಹೋದದ್ದು ಅಂತ ನಾನು ಸುಮ್ಮನೆ ಇರ್ತಿದ್ದೆ. ಸುಮ್ಮನೆ ಇರಲಿಕ್ಕೆ ಆಗದ್ದು ನನ್ನ ಸೊಸೆಯ ವಿಷಯಕ್ಕೆ. ಅದು ಇದಕ್ಕಿಂತ ಮೂರು ವರ್ಷ ಮೊದಲು ಆದದ್ದು. ಮೈಸೂರಿನಿಂದ ವಾಪಸ್ ಬಂದ ರಾತ್ರಿ ನಾನು ಅವಳ ಹಳೇ ಫೈಲ್ ತೆಗೆದು ಕೂತೆ. ಆಗ ನೋಡಿದೆ.

ಅವಳಿಗೆ ಹತ್ತು ವಾರ ಇರುವಾಗ ಮಾಡಿಸಿದ ರಿಪೋರ್ಟಿನಲ್ಲಿ ಕ್ರಿಯಾಟಿನಿನ್ 0.5. ಪಕ್ಕದಲ್ಲಿ 0.6ರಿಂದ 1.1 ಅಂತ ಅಳತೆ, ‘ಎಲ್’, ಸ್ಟಾರ್. ಮೂವತ್ತೊಂದನೇ ವಾರದ ರಿಪೋರ್ಟಿನಲ್ಲಿ ಅದೇ ಕ್ರಿಯಾಟಿನಿನ್ 1.0. ಸ್ಟಾರ್ ಇಲ್ಲ, ದಪ್ಪಕ್ಷರ ಇಲ್ಲ, ಎಂತದೂ ಇಲ್ಲ. ನನಗೆ ಸರಿಯಾಗಿ ನೆನಪುಂಟು, ಅವತ್ತು ನಾನೇ ಕನ್ನಡಕ ಹಾಕಿಕೊಂಡು ಓದಿ ಹೇಳಿದ್ದು: “ನೋಡು ಮಗಾ, ಆಗ ಕಡಿಮೆ ಇತ್ತು, ಈಗ ಸರಿಯಾಯ್ತು. ಕಿಡ್ನಿ ಚೆನ್ನಾಗುಂಟು.” ಅವಳೂ ನಕ್ಕಳು. “ಹಾಗಾದ್ರೆ ಅತ್ತೆ, ಈ ವಾರ ಆಸ್ಪತ್ರೆಗೆ ಹೋಗೂದು ಬೇಡ ಅಲ್ವಾ? ಮೆಣಸು ಕುಯ್ಲು ಮುಗಿದ ಮೇಲೆ ಹೋಗುವ” ಅಂದಳು. ಹೂಂ ಅಂದೆ. ನಾನೇ ಅಂದೆ.

ಬಸುರಿಯ ಕಿಡ್ನಿ ಹೆಚ್ಚು ಕೆಲಸ ಮಾಡ್ತದೆ. ಸೋಸುವ ವೇಗ ಸುಮಾರು ಅರ್ಧದಷ್ಟು ಏರ್ತದೆ. ಕ್ರಿಯಾಟಿನಿನ್ ಅನ್ನುವುದು ಸೋಸಿ ಹೊರಹಾಕುವ ಕಸ, ಹಾಗಾಗಿ ಅದು ರಕ್ತದಲ್ಲಿ ಇಳೀಬೇಕು. 0.4ರಿಂದ 0.8 ಬಸುರಿಗೆ ಸರಿ. 0.5 ಅಂದರೆ ಕಿಡ್ನಿ ಚೆಂದ ನಡೀತಾ ಉಂಟು ಅಂತ, ಅದಕ್ಕೆ ಆ ಕಾಗದ ಸ್ಟಾರ್ ಹಾಕಿ ಹೆದರಿಸಿತು. 0.5 ಇದ್ದದ್ದು 1.0 ಆಗುವುದು ಅಂದರೆ ಎರಡು ಪಟ್ಟು, ಯಾವ ಡಾಕ್ಟರೂ ಕೂಡಲೇ ಬಿಪಿ ನೋಡಿ, ಮೂತ್ರದಲ್ಲಿ ಪ್ರೋಟೀನ್ ಉಂಟಾ ನೋಡಿ ಅನ್ನುವ ಅಂಕೆ, ಅದಕ್ಕೆ ಆ ಕಾಗದ ಬಾಯಿ ಮುಚ್ಚಿ ಕೂತಿತು. ತಲೆಕೆಳಗೆ ಅಂದರೆ ಇದು.

ಹನ್ನೊಂದು ದಿನ ಕಳೆಯಿತು. ಕಾಲು ಬಾತದ್ದಕ್ಕೆ “ಬಸುರಿಯರಿಗೆಲ್ಲ ಬಾಯ್ತದೆ” ಅಂದೆವು. ತಲೆನೋವಿಗೆ “ಬಿಸಿಲಲ್ಲಿ ಮೆಣಸು ಹರಡಿದ್ದಕ್ಕೆ” ಅಂದೆವು. ಒಂದು ಸಂಜೆ ಕಣ್ಣಮುಂದೆ ಮಿಂಚು ಹುಳ ಹಾರಿದಂಗೆ ಆಗ್ತದೆ ಅಂದಳು. ಆಸ್ಪತ್ರೆಗೆ ಹೋದಾಗ ಬಿಪಿ 168ರ ಮೇಲೆ 110. ಅಲ್ಲಿಂದ ಆಂಬುಲೆನ್ಸಿನಲ್ಲಿ ಮೈಸೂರಿಗೆ. ಮೂವತ್ತಮೂರನೇ ವಾರಕ್ಕೆ ಆಪರೇಷನ್ ಮಾಡಿ ಮಗುವನ್ನು ತೆಗೆದರು. ಒಂದು ಕಿಲೋ ಆರುನೂರು ಗ್ರಾಂ. ಹತ್ತೊಂಬತ್ತು ದಿನ ಗಾಜಿನ ಪೆಟ್ಟಿಗೆಯಲ್ಲಿ ಇತ್ತು. ಅವಳನ್ನು ಎರಡು ದಿನ ನಮಗೆ ಮಾತಾಡಿಸಲಿಕ್ಕೆ ಬಿಡಲಿಲ್ಲ. ಇಬ್ಬರೂ ಉಳಿದರು. ಅವನಿಗೆ ಈಗ ನಾಲ್ಕು ನಡೀತಾ ಉಂಟು, ಕೋಳಿ ಅಟ್ಟಿಕೊಂಡು ತೋಟ ತುಂಬ ಓಡ್ತಾನೆ.

ಆ ಸ್ಟಾರ್ ಸರಿಯಾದ ಜಾಗದಲ್ಲಿ ಇದ್ದಿದ್ದರೆ ಬಿಪಿ ಏರುವುದು ನಿಲ್ಲುತ್ತಿತ್ತು ಅಂತ ನಾನು ಹೇಳೂದಿಲ್ಲ. ಆ ಕಾಯಿಲೆ ಬರುವುದಿದ್ದರೆ ಬರ್ತದೆ. ಆದರೆ ಹನ್ನೊಂದು ದಿನ ಮೊದಲೇ ಯಾರಾದರೂ ಬಿಪಿ ಪಟ್ಟಿ ಕಟ್ಟಿ ನೋಡ್ತಿದ್ದರು, ಮಾತ್ರೆ ಕೊಡ್ತಿದ್ದರು, ಮಗುವಿನ ಶ್ವಾಸಕೋಶ ಬಲಿಯಲಿಕ್ಕೆ ಇಂಜೆಕ್ಷನ್ ಕೊಡಲಿಕ್ಕೆ ಸಮಯ ಸಿಗ್ತಿತ್ತು. ರಾತ್ರಿ ಹನ್ನೊಂದಕ್ಕೆ ಹುಣಸೂರು ರಸ್ತೆಯಲ್ಲಿ ಆಂಬುಲೆನ್ಸಿನ ಹಿಂದೆ ಕಾರಲ್ಲಿ ಕೂತು ನಾನು ಹರಕೆ ಹೊರುವ ಹಾಗೆ ಆಗ್ತಿರಲಿಲ್ಲ.

ಈ ಎರಡು ಫೈಲನ್ನೂ ಹಿಡಿದುಕೊಂಡು ನಾನು ಆ ಲ್ಯಾಬಿಗೆ ಹೋದೆ. ಹೆಸರು ಬರೆಯೂದಿಲ್ಲ, ಇದು ಒಂದು ಲ್ಯಾಬಿನ ಕತೆ ಅಲ್ಲ. ಕೌಂಟರಿನ ಹುಡುಗ ಒಳ್ಳೆಯವನೇ, ಕುರ್ಚಿ ಕೊಟ್ಟ. “ಆಂಟಿ, ಸಾಫ್ಟ್‌ವೇರಿನಲ್ಲಿ ಹೆಂಗಸು, ಗಂಡಸು ಅಂತ ಎರಡೇ ಇರೋದು. ಅರ್ಥ ಹೇಳೋದು ಡಾಕ್ಟರ ಕೆಲಸ, ನಮ್ಮದಲ್ಲ” ಅಂದ. ನಾನು ಕೇಳಿದೆ, ಅರ್ಥ ಹೇಳೂದು ನಿಮ್ಮ ಕೆಲಸ ಅಲ್ಲದಿದ್ದರೆ ಸ್ಟಾರ್ ಹಾಕೂದು ಯಾರ ಕೆಲಸ? ಸ್ಟಾರ್ ಅಂದರೆ ಅರ್ಥವೇ ಅಲ್ವಾ? ಅಳತೆ ಬರೆಯದೆ ಅಂಕೆ ಮಾತ್ರ ಕೊಡಿ, ಡಾಕ್ಟರು ನೋಡ್ಲಿ. ಬರೆಯೂದಾದರೆ ಸರಿಯಾದ್ದು ಬರೀರಿ. ತಪ್ಪು ಅಳತೆ ಬರೆದು, ತಪ್ಪು ಸ್ಟಾರ್ ಹಾಕಿ, ಕೊನೆಗೆ ಸಣ್ಣಕ್ಷರದಲ್ಲಿ “ವೈದ್ಯರನ್ನು ಸಂಪರ್ಕಿಸಿ” ಅಂತ ಹಾಕಿದರೆ ಕೈ ತೊಳೆದ ಹಾಗಾಗ್ತದಾ?

“ಬಸುರಿಯರಿಗೆ ಬೇರೆ ಅಳತೆ ಮಾಡಿದವರು ಯಾರೂ ಇಲ್ಲ” ಅಂತ ಇನ್ನೊಬ್ಬರು ಹೇಳಿದರು. ಇದು ಸುಳ್ಳು. ವಾರಕ್ಕೆ ತಕ್ಕ ಹಾಗೆ, ಮೂರು ಮೂರು ತಿಂಗಳಿಗೆ ತಕ್ಕ ಹಾಗೆ ಪಟ್ಟಿಗಳು ಉಂಟು. ನಮ್ಮ ದೇಶದಲ್ಲೇ ಥೈರಾಯ್ಡಿಗೆ ದೆಹಲಿಯಲ್ಲಿ ಮಾಡಿದ್ದಾರೆ, 2008ರಲ್ಲೇ ಪ್ರಕಟ ಆಗಿದೆ. ಲ್ಯಾಬುಗಳು ಗೋಡೆಗೆ ತೂಗುಹಾಕುವ ಆ ಐಎಸ್‌ಒ 15189 ಸರ್ಟಿಫಿಕೇಟಿನ ನಿಯಮವೇ ಹೇಳ್ತದೆ, ಅಳತೆಯ ಮಿತಿ ಆ ಲ್ಯಾಬಿಗೆ ಬರುವ ಜನರಿಗೆ ಹೊಂದುವಂತೆ ಇರಬೇಕು ಅಂತ. ಲ್ಯಾಬಿಗೆ ಬರುವವರಲ್ಲಿ ಬಸುರಿಯರು ಎಷ್ಟು ಜನ! ಬೆಳಗ್ಗೆ ಏಳೂವರೆಗೆ ಯಾವ ಲ್ಯಾಬಿನ ಬೆಂಚು ನೋಡಿದರೂ ಅರ್ಧ ಹೊಟ್ಟೆ ಹೊತ್ತವರೇ. ಪಟ್ಟಿ ಇಲ್ಲದ ಪರೀಕ್ಷೆಗೆ “ಈ ಅಳತೆ ಗರ್ಭಿಣಿಯರಿಗೆ ಅನ್ವಯಿಸುವುದಿಲ್ಲ” ಅಂತ ಒಂದು ಸಾಲು ಹಾಕಲಿಕ್ಕೆ ಎಷ್ಟು ಖರ್ಚು?

ನಮ್ಮೂರಿನವರಿಗೆ ಇದು ಹೊಸತೂ ಅಲ್ಲ. ಕಕ್ಕಡ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ತಿಂದ ಮರುದಿನ ಮೂತ್ರ ಕೆಂಪಾದರೆ ನಮ್ಮಲ್ಲಿ ಸಣ್ಣ ಮಕ್ಕಳೂ ಹೆದರೂದಿಲ್ಲ, ಯಾಕೆ ಅಂತ ಗೊತ್ತುಂಟು. ಒಮ್ಮೆ ನಾನು ಮರೆತು ಮಾರನೇ ದಿನವೇ ಸಕ್ಕರೆ ಪರೀಕ್ಷೆಗೆ ಮೂತ್ರ ಕೊಟ್ಟು, ಬಯಲುಸೀಮೆಯಿಂದ ಹೊಸದಾಗಿ ಬಂದಿದ್ದ ಹುಡುಗಿ ಬಾಟಲಿ ಹಿಡಿದು ಓಡಿಬಂದಿದ್ದಳು. “ನಿನ್ನೆ ಎಂತ ತಿಂದ್ರಿ?” ಅಂತ ಒಂದು ಮಾತು ಕೇಳಿದರೆ ಮುಗೀತಿತ್ತು. ಬಸುರಿಯಾ, ಎಷ್ಟನೇ ವಾರ ಅಂತ ಕೇಳುವುದೂ ಅಂಥದ್ದೇ ಒಂದು ಮಾತು.

ಆ ಒಂದು ಮಾತು ತಪ್ಪಾಗಿ ಬರೆದರೆ ಎಂತ ಆಗ್ತದೆ ಅಂತಲೂ ನೋಡಿದ್ದೇನೆ. ಪಕ್ಕದ ತೋಟದವರ ಮಗಳು, ಇಪ್ಪತ್ತನಾಲ್ಕು ವಯಸ್ಸು, ಡಬಲ್ ಮಾರ್ಕರ್ ಮಾಡಿಸಿದಳು. ಹನ್ನೊಂದು ವಾರದಿಂದ ಹದಿನಾಲ್ಕು ವಾರ ತುಂಬುವ ಮೊದಲು ಮಾಡುವ ಪರೀಕ್ಷೆ ಅದು. ಪಾಪ್-ಎ, ಬೀಟಾ ಎಚ್‌ಸಿಜಿ ಅಂತ ಎರಡು ವಸ್ತು ಅಳೆದು, ಸ್ಕ್ಯಾನಿನಲ್ಲಿ ಮಗುವಿನ ಕತ್ತಿನ ಹಿಂದಿನ ನೀರಿನ ದಪ್ಪ ಸೇರಿಸಿ, ತಾಯಿಯ ವಯಸ್ಸು ಸೇರಿಸಿ, ಡೌನ್ ಸಿಂಡ್ರೋಮ್ ಇರುವ ಸಾಧ್ಯತೆ ಲೆಕ್ಕ ಹಾಕ್ತಾರೆ. ಅವಳದ್ದು ಬಂದದ್ದು 1:180, ಕೆಂಪು ಬಣ್ಣದಲ್ಲಿ ‘ಹೈ ರಿಸ್ಕ್’. ಮನೆಯಲ್ಲಿ ಸಾವಾದ ಹಾಗೆ. ಅವಳ ಅತ್ತೆ “ತೆಗೆಸಿಬಿಡುವ, ಇನ್ನೂ ಸಣ್ಣ ವಯಸ್ಸು” ಅನ್ನುವಲ್ಲಿಗೆ ಮಾತು ಬಂದಿತ್ತು.

1:180 ಅಂದರೆ ಇದೇ ಅಂಕೆ ಬಂದ ನೂರಎಂಬತ್ತು ತಾಯಂದಿರಲ್ಲಿ ನೂರಎಪ್ಪತ್ತೊಂಬತ್ತು ಜನರ ಮಗುವಿಗೆ ಅದು ಇರೂದಿಲ್ಲ. ಲ್ಯಾಬುಗಳು ಸಾಮಾನ್ಯವಾಗಿ 1:250 ಅಂತ ಒಂದು ಗೆರೆ ಎಳೆದು ಅದರ ಒಳಗೆ ಬಂದವರಿಗೆ ಕೆಂಪು ಹಾಕ್ತಾರೆ. ಅದು ಇನ್ನೊಂದು ಪರೀಕ್ಷೆ ಮಾಡಿ ಅಂತ ಹೇಳುವ ಗೆರೆ, ಕಾಯಿಲೆ ಉಂಟು ಅಂತ ಹೇಳುವ ಗೆರೆ ಅಲ್ಲ. ಹಾಗೆ ಹೇಳಲಿಕ್ಕೆ ಮಾಸದ ಚೂರೋ, ಹದಿನೈದು ವಾರ ಕಳೆದ ಮೇಲೆ ಮಗುವಿನ ಸುತ್ತಲಿನ ನೀರೋ ತೆಗೆದು ನೋಡಬೇಕು.

ಆದರೆ ಅವಳ ಕತೆಯಲ್ಲಿ ಅಲ್ಲಿವರೆಗೂ ಹೋಗಬೇಕಾಗಲಿಲ್ಲ. ಡಾಕ್ಟರು ಫಾರಂ ತರಿಸಿ ನೋಡಿದಾಗ, ವಾರದ ಜಾಗದಲ್ಲಿ ಕೊನೆಯ ಮುಟ್ಟಿನ ಲೆಕ್ಕ ಹಿಡಿದು ಹನ್ನೆರಡು ವಾರ ಐದು ದಿನ ಅಂತ ಬರೆದಿದ್ದರು. ಸ್ಕ್ಯಾನಿನ ಪ್ರಕಾರ ಹನ್ನೊಂದು ವಾರ ಐದು ದಿನ. ಆ ಹುಡುಗಿಗೆ ಮೊದಲಿಂದಲೂ ಮುಟ್ಟು ಹಿಂದುಮುಂದು. ಆ ವಾರಗಳಲ್ಲಿ ಪಾಪ್-ಎ ದಿನಕ್ಕೆ ದಿನ ಏರ್ತಾ ಹೋಗ್ತದೆ, ಬೀಟಾ ಎಚ್‌ಸಿಜಿ ಇಳೀತಾ ಹೋಗ್ತದೆ. ಒಂದು ವಾರ ಹೆಚ್ಚು ಬರೆದರೆ ಪಾಪ್-ಎ ಕಡಿಮೆ ಕಾಣ್ತದೆ, ಎಚ್‌ಸಿಜಿ ಹೆಚ್ಚು ಕಾಣ್ತದೆ. ಡೌನ್ ಸಿಂಡ್ರೋಮಿನಲ್ಲಿ ಕಾಣುವುದೂ ಅದೇ ತಾನೇ! ಹೊಸ ರಕ್ತ ತೆಗೆಯಲೇ ಇಲ್ಲ. ಅದೇ ರಕ್ತದ ಅದೇ ಅಂಕೆಗೆ ಸರಿಯಾದ ವಾರ ಹಾಕಿ ಲೆಕ್ಕ ಮಾಡಿದಾಗ 1:1,100 ಬಂತು. ತೆಗೆಸಿಬಿಡುವ ಅಂದವರು ಮಗುವಿನ ನಾಮಕರಣಕ್ಕೆ ಎಲ್ಲರಿಗಿಂತ ಮುಂಚೆ ಬಂದು ಕೂತಿದ್ದರು, ಅದು ಬಿಡಿ.

ಥೈರಾಯ್ಡಿನದ್ದೂ ಹೇಳಿಬಿಡ್ತೇನೆ. 2011ರಲ್ಲಿ ಅಮೆರಿಕದ ಥೈರಾಯ್ಡ್ ಸಂಘದವರು ಬಸುರಿಗೆ ಮೊದಲ ಮೂರು ತಿಂಗಳಲ್ಲಿ ಟಿಎಸ್‌ಎಚ್ 2.5ರ ಒಳಗೆ ಇರಬೇಕು ಅಂದರು, ಇಲ್ಲಿಯೂ ಅದನ್ನೇ ಹಿಡಿದರು. ನಾನು ಆಗಲೇ ಹೇಳಿದ ದೆಹಲಿಯ ಅಧ್ಯಯನದಲ್ಲಿ ನಮ್ಮ ಆರೋಗ್ಯವಂತ ಬಸುರಿಯರಲ್ಲಿ ಮೊದಲ ಮೂರು ತಿಂಗಳಿಗೆ ಸಿಕ್ಕಿದ್ದು 0.6ರಿಂದ 5.0. 2017ರಲ್ಲಿ ಆ ಅಮೆರಿಕದವರೇ ಗೆರೆ ಸಡಿಲ ಮಾಡಿ, ನಿಮ್ಮ ಊರಿನ ಜನರ ಪಟ್ಟಿ ಇದ್ದರೆ ಅದನ್ನು ನೋಡಿ, ಇಲ್ಲದಿದ್ದರೆ ಸುಮಾರು 4.0 ಅಂದರು. ಇದನ್ನು ಓದಿ ಯಾರೂ ಮಾತ್ರೆ ನಿಲ್ಲಿಸಬೇಡಿ ಮಾರಾಯ್ತಿಯರೇ! ಮಾತ್ರೆ ಯಾಕೆ ಅಂತ ಡಾಕ್ಟರ ಹತ್ತಿರ ಕೇಳಿ, ಅಷ್ಟೇ.

ಸಕ್ಕರೆ ಇದರ ಉಲ್ಟಾ. ಖಾಲಿ ಹೊಟ್ಟೆಯ ಸಕ್ಕರೆಗೆ ರಿಪೋರ್ಟಿನಲ್ಲಿ 70ರಿಂದ 100 ಅಂತ ಇರ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2013ರ ಲೆಕ್ಕದಲ್ಲಿ ಬಸುರಿಗೆ 92 ಆದರೇ ಸಕ್ಕರೆ ಕಾಯಿಲೆಯ ಗೆರೆ. 96 ಬಂದವಳ ಕಾಗದದಲ್ಲಿ ಸ್ಟಾರ್ ಇರೂದಿಲ್ಲ, ಅವಳು ಸೀಮಂತದ ಹೋಳಿಗೆ ನಾಲ್ಕು ತಿಂತಾಳೆ. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡ್ತಾರಲ್ಲ, 140 ದಾಟಬಾರದು ಅಂತ, ಅದನ್ನು “ವಾಂತಿ ಬರ್ತದೆ” ಅಂತ ತಪ್ಪಿಸಿಕೊಂಡು ಬರಬೇಡಿ. ಆ ಗೆರೆಯನ್ನು ಬಸುರಿಯರಿಗೇ ಅಂತ ಎಳೆದದ್ದು.

ಇಷ್ಟೆಲ್ಲ ಬರೆದದ್ದು ಕಾರು ಇರುವ, ಫೈಲು ಇರುವ ನಮ್ಮಂಥವರ ಕತೆ. ನಮ್ಮ ತೋಟದ ಲೈನ್ ಮನೆಯ ಹೆಂಗಸರಿಗೆ ಬೆರಳು ಚುಚ್ಚಿ ನೋಡುವ ಹಿಮೋಗ್ಲೋಬಿನ್ ಬಿಟ್ಟರೆ ಎಷ್ಟೋ ಸಲ ಬೇರೆ ಪರೀಕ್ಷೆಯೇ ಆಗಿರೂದಿಲ್ಲ. ಕಡಿಮೆ ಬಂತಾ, ಕೆಂಪು ಮಾತ್ರೆ. ಮತ್ತೆ ಕಡಿಮೆ ಬಂತಾ, “ಇವ್ರು ಮಾತ್ರೆ ತಿನ್ನೂದಿಲ್ಲ, ಬಿಸಾಡ್ತಾರೆ.” ನಾನೂ ಹಾಗೆ ಹೇಳಿದವಳೇ. ಕೊಡಗು, ಮೈಸೂರು, ಚಾಮರಾಜನಗರ ಕಡೆಯ ಆದಿವಾಸಿ ಸಮುದಾಯಗಳಲ್ಲಿ ಸಿಕಲ್ ಸೆಲ್ ಅನ್ನುವ ರಕ್ತದ ತೊಂದರೆ ಉಂಟು. ಅಲ್ಲಿ ಹಿಮೋಗ್ಲೋಬಿನ್ ಕಡಿಮೆ ಆಗೂದು ಕಬ್ಬಿಣ ಸಾಲದ್ದಕ್ಕೇ ಅಂತ ಇಲ್ಲ. 2023ರ ಜುಲೈಯಿಂದ ಅದಕ್ಕೆ ಅಂತಲೇ ಕೇಂದ್ರದ ಯೋಜನೆ ಉಂಟು, ತಪಾಸಣೆ ಉಚಿತ. ನಿಮ್ಮ ತೋಟದಲ್ಲಿ ಬಸುರಿ ಇದ್ದು, ಮಾತ್ರೆ ತಿಂದರೂ ಅಂಕೆ ಏರದಿದ್ದರೆ, ಬೈಯುವ ಮೊದಲು ಆ ಪರೀಕ್ಷೆ ಆಗಿದೆಯಾ ಅಂತ ಆಶಾ ಕಾರ್ಯಕರ್ತೆಯ ಹತ್ತಿರ ಕೇಳಿ. ಒಂದು ದಿನದ ಕೂಲಿ ಕೊಟ್ಟು ಕಳಿಸಿ, ಜೀಪಲ್ಲಿ ಬಿಟ್ಟು ಬನ್ನಿ.

ಲ್ಯಾಬಿನವರಿಗೆ ಬೈದು ಮುಗೀತು, ಈಗ ನಮ್ಮ ಸರದಿ. ನಾವು ಹೆಂಗಸರು ಬೇರೆಯವರ ಮಗಳ ರಿಪೋರ್ಟನ್ನು ಜಾತಕ ಓದಿದಂಗೆ ಓದ್ತೇವೆ. ಸ್ಟಾರ್ ಕಂಡರೆ ಶನಿ, ಕಾಣದಿದ್ದರೆ ಗುರುಬಲ. ನಾನು 1.0 ಓದಿ “ಸರಿಯಾಯ್ತು” ಅಂದದ್ದು, ಗುಂಪಿನವರು 212 ಓದಿ “ಲಿವರ್ ಹೋಯ್ತು” ಅಂದದ್ದು ಒಂದೇ ಕೆಲಸ. ಇಬ್ಬರೂ ಅಂಕೆಯ ಪಕ್ಕದ ಗುರುತು ಓದಿದೆವು, ಹುಡುಗಿಯ ಮುಖ ನೋಡಲಿಲ್ಲ, ಕಾಲು ನೋಡಲಿಲ್ಲ. ನನ್ನ ಅತ್ತೆಯವರ ಕಾಲದಲ್ಲಿ ಈ ಕಾಗದ ಇರಲಿಲ್ಲ. ಆದರೆ ಸೂಲಗಿತ್ತಿ ಬಂದರೆ ಮೊದಲು ಪಾದ ಒತ್ತಿ ಗುಂಡಿ ಬೀಳ್ತದಾ ನೋಡ್ತಿದ್ದಳಂತೆ. ಆ ಕಾಲ ಚೆನ್ನಾಗಿತ್ತು ಅಂತ ಅಲ್ಲ, ಅತ್ತೆಯವರ ಎರಡು ಮಕ್ಕಳು ಹುಟ್ಟುವಾಗಲೇ ಹೋಗಿವೆ. ಪರೀಕ್ಷೆ ಬೇಕೇ ಬೇಕು. ಬೇಡ ಅನ್ನುವವರ ಜೊತೆ ನಾನಿಲ್ಲ.

ಮೊನ್ನೆ ಮತ್ತೆ ಆ ಲ್ಯಾಬಿಗೆ ಹೋಗಿ ಕನ್ನಡದಲ್ಲಿ ಒಂದು ಅರ್ಜಿ ಬರೆದು ಕೊಟ್ಟೆ. ಫಾರಂನಲ್ಲಿ “ಗರ್ಭಿಣಿಯೇ? ಸ್ಕ್ಯಾನ್ ಪ್ರಕಾರ ಎಷ್ಟು ವಾರ?” ಅಂತ ಒಂದು ಚೌಕ ಬೇಕು, ಚೌಕ ತುಂಬಿದವರ ರಿಪೋರ್ಟಿಗೆ ಹಳೇ ಅಳತೆಯ ಸ್ಟಾರ್ ಹಾಕಬಾರದು ಅಂತ. ಹನ್ನೊಂದು ಜನ ಸಹಿ ಹಾಕಿದ್ದೇವೆ, ದೊಡ್ಡತ್ತಿಗೆಯೂ ಹಾಕಿದ್ದಾರೆ. ಸಾಫ್ಟ್‌ವೇರ್ ಬೆಂಗಳೂರಿನಿಂದ ಬರಬೇಕು, ಕೇಳ್ತೇವೆ ಅಂದರು. ನಿಮ್ಮ ನಿಮ್ಮ ಊರಿನ ಲ್ಯಾಬಿಗೂ ಕೊಡಿ, ನಾನು ಬರೆದದ್ದರ ಪ್ರತಿ ಬೇಕಾದವರು ಮನೆಗೆ ಬನ್ನಿ.

ಅದು ಬರುವವರೆಗೆ ನಾನು ಒಂದು ಕೆಂಪು ಪೆನ್ನು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೇನೆ. ನಮ್ಮ ಸಾಲಿನಲ್ಲಿ ಯಾರು ರಕ್ತ ಕೊಡಲಿಕ್ಕೆ ಹೋದರೂ ಫಾರಂನ ತಲೆಯ ಮೇಲೆ ದೊಡ್ಡದಾಗಿ “ಗರ್ಭಿಣಿ, ಇಷ್ಟು ವಾರ” ಅಂತ ಬರೀತೇನೆ. ರಿಪೋರ್ಟ್ ಬಂದ ಮೇಲೆ ಗುಂಪಿಗೆ ಹಾಕೂದಿಲ್ಲ. ಹಳೇ ರಿಪೋರ್ಟುಗಳನ್ನು ತಾಯಿ ಕಾರ್ಡಿನ ಒಳಗೆ ಸಾಲಾಗಿ ಪಿನ್ ಮಾಡಿ, ಎಲ್ಲ ಒಟ್ಟಿಗೆ ಡಾಕ್ಟರ ಮೇಜಿನ ಮೇಲೆ ಇಡ್ತೇವೆ, ಆಗ 0.5ರ ಪಕ್ಕ 1.0 ಕಾಣ್ತದೆ. ತಂಗಿಯ ಮಗಳಿಗೆ ಅಕ್ಟೋಬರಿನಲ್ಲಿ ಹೆಣ್ಣು ಮಗು ಆಯ್ತು, ಎರಡು ಕಿಲೋ ಒಂಬೈನೂರು. ಬಾಣಂತನ ಮುಗಿದ ಮೇಲೆ ಆ ಆಲ್ಕಲೈನ್ ಫಾಸ್ಫಟೇಸ್ ಇನ್ನೊಮ್ಮೆ ನೋಡಿಸಿದರು. 88 ಇತ್ತು.